ಕೋಳಿ ಸಾಕಣೆಯಲ್ಲಿ ಔಷಧಗಳ ದುರುಪಯೋಗವೂ ಗ್ರಾಮದ ಆರೋಗ್ಯವೂ

ಕೋಳಿ ಸಾಕಣೆಯು ಬೇಸಾಯದೊಡನೆ ಆದಾಯ ತರುವ ಒಂದು ಮುಖ್ಯ ಉಪಕಸಬಾಗಿ ಬೆಳೆದಿರುವುದು ಸಂತೋಷಕರವಾದ ಸಂಗತಿಯೇ ಸರಿ. ಆದರೆ ಇದರೊಡನೆ ಒಂದು ಕೆಟ್ಟ ವಾಡಿಕೆಯೂ ಹಲವೆಡೆ ಸೇರಿಕೊಂಡಿರುತ್ತದೆ. ರೋಗವಿಲ್ಲದ ಕೋಳಿಗಳಿಗೂ ಬೇಗನೆ ತೂಕ ಬರಲೆಂದು, ಅಥವಾ ಮುಂದೆ ರೋಗ ಬಾರದಿರಲೆಂದು, ಪ್ರತಿಜೀವಕ ಅಂದರೆ ಆಂಟಿಬಯಾಟಿಕ್ ಔಷಧಗಳನ್ನು ಆಹಾರದಲ್ಲಿಯೋ ನೀರಿನಲ್ಲಿಯೋ ದಿನವೂ ಸ್ವಲ್ಪಸ್ವಲ್ಪವಾಗಿ ಬೆರೆಸುವುದೇ ಆ ವಾಡಿಕೆ. ಇದರ ಕೇಡು ಕೋಳಿಮನೆಯ ಬೇಲಿಯೊಳಗೇ ನಿಲ್ಲತಕ್ಕದ್ದಲ್ಲವಾದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಚೆನ್ನಾಗಿ ತಿಳಿದಿರುವುದು ಅಗತ್ಯ.

ಕೋಳಿಯ ಕರುಳಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಔಷಧವು ಅಲ್ಪ ಪ್ರಮಾಣದಲ್ಲಿ ಬಹುದಿನ ದೊರೆತರೆ, ಅದಕ್ಕೆ ಸೋಲುವ ಜೀವಿಗಳು ಸಾಯುವುವು. ಅದನ್ನು ತಾಳಬಲ್ಲ ಕೆಲವು ಮಾತ್ರ ಉಳಿದು, ಎದುರಿಲ್ಲದ ಕಾರಣ ಬಹು ಬೇಗ ವೃದ್ಧಿಯಾಗುವುವು. ಅಷ್ಟೇ ಅಲ್ಲದೆ, ಈ ತಾಳಿಕೆಯ ಗುಣವನ್ನು ಒಂದು ಜಾತಿಯ ಸೂಕ್ಷ್ಮಜೀವಿಯು ಬೇರೊಂದು ಜಾತಿಗೂ ದಾಟಿಸಬಲ್ಲದು. ಇವು ಹಿಕ್ಕೆ, ನೀರು, ಕೆಲಸಗಾರರ ಕೈಕಾಲು ಮತ್ತು ಹಸಿ ಮಾಂಸದ ಮೂಲಕ ಮನುಷ್ಯರನ್ನು ಸೇರುವುವು. ಮುಂದೆ ಇಂಥ ಜೀವಿಗಳಿಂದ ರೋಗ ಬಂದರೆ, ವೈದ್ಯರು ಕೊಡುವ ಔಷಧವು ನಾಟುವುದಿಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ಬಾಸ್ಟನ್ ನಗರದ ಸಮೀಪದ ಒಂದು ಕ್ಷೇತ್ರದಲ್ಲಿ ಡಾ. ಸ್ಟುವರ್ಟ್ ಲೆವಿಯವರೂ ಅವರ ಸಂಗಡಿಗರೂ ನಡೆಸಿದ ಪರೀಕ್ಷೆಯ ಫಲವು 1976ರಲ್ಲಿ ಪ್ರಕಟವಾಯಿತು. ಟೆಟ್ರಾಸೈಕ್ಲಿನ್ ಬೆರೆಸಿದ ಆಹಾರವನ್ನು ಕೊಡಲಾರಂಭಿಸಿದ ಒಂದೇ ವಾರದಲ್ಲಿ ಕೋಳಿಗಳ ಕರುಳಿನ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಎಲ್ಲವೂ ಆ ಔಷಧಕ್ಕೆ ಜಗ್ಗದವಾದುವು. ಐದಾರು ತಿಂಗಳೊಳಗೆ, ಔಷಧವನ್ನು ಸೇವಿಸದ ಆ ಮನೆಯ ಜನರ ಮಲದಲ್ಲಿಯೂ ಅಂಥ ಜೀವಿಗಳು ಹೆಚ್ಚಿದುವು, ನೆರೆಹೊರೆಯವರಲ್ಲಿ ಹಾಗಾಗಲಿಲ್ಲ.

ಕೊಲಿಸ್ಟಿನ್ ಎಂಬ ಔಷಧದ ವಿಷಯವು ಇನ್ನೂ ಗಂಭೀರವಾದುದು. ಬೇರಾವ ಔಷಧವೂ ಫಲಿಸದ ಕೆಲವು ಕಠಿಣ ಸೋಂಕುಗಳಲ್ಲಿ ಆಸ್ಪತ್ರೆಯವರು ಕೊನೆಯ ಆಸರೆಯಾಗಿ ಬಳಸುವ ಮದ್ದು ಇದು. ಇದಕ್ಕೆ ಜಗ್ಗದಿರುವ, ಜೀವಿಯಿಂದ ಜೀವಿಗೆ ದಾಟಬಲ್ಲ ಗುಣವು ಪ್ರಾಣಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಕಂಡುಬಂದುದನ್ನು 2015ರಲ್ಲಿ ಚೀನಾ ದೇಶದ ವಿಜ್ಞಾನಿಗಳು ವರದಿ ಮಾಡಿದರು. ಭಾರತ ಸರ್ಕಾರವು 2019ರ ಜುಲೈ ತಿಂಗಳಲ್ಲಿ ಕೋಳಿ ಮೊದಲಾದ ಆಹಾರಪ್ರಾಣಿಗಳಿಗಾಗಿ ಕೊಲಿಸ್ಟಿನ್ನಿನ ತಯಾರಿಕೆ, ಮಾರಾಟ ಮತ್ತು ಹಂಚಿಕೆಯನ್ನು ನಿಷೇಧಿಸಿತು.

ಔಷಧ ನಿಲ್ಲಿಸಿದರೆ ನಷ್ಟವಾಗುವುದೆಂದು ಕೆಲವರು ಅಂಜುವರು. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆಗಾರರು 1998ರಲ್ಲಿ ಬೆಳವಣಿಗೆಗಾಗಿ ಪ್ರತಿಜೀವಕ ಕೊಡುವುದನ್ನು ತಾವಾಗಿಯೇ ಬಿಟ್ಟರು. ಅವರ ಉದ್ಯಮವು ಕೆಡಲಿಲ್ಲ. ಯುರೋಪಿಯನ್ ಒಕ್ಕೂಟವು 2006ರಿಂದ ಈ ಪದ್ಧತಿಯನ್ನೇ ತೆಗೆದುಹಾಕಿತು.

ಸಾಕಣೆಗಾರರು ಅನುಸರಿಸತಕ್ಕ ಕ್ರಮಗಳು ಹೀಗಿವೆ:

1. ಆಹಾರದ ಚೀಲದ ಮೇಲಿನ ಚೀಟಿಯನ್ನು ಓದಿ ನೋಡತಕ್ಕದ್ದು. ಪ್ರತಿಜೀವಕ ಬೆರೆಸಿದ ಆಹಾರವನ್ನು ವಾಡಿಕೆಯಾಗಿ ಕೊಳ್ಳಕೂಡದು.

2. ಪಶುವೈದ್ಯರು ಬರೆದುಕೊಟ್ಟ ಹೊರತು ಔಷಧ ಕೊಡಕೂಡದು. ಕೊಟ್ಟಾಗ ಅವರು ಹೇಳಿದ ಪ್ರಮಾಣವನ್ನೂ ದಿನಗಳನ್ನೂ ತಪ್ಪದೆ ನಡೆಸಿ, ಅನಂತರ ಅವರು ವಿಧಿಸಿದಷ್ಟು ದಿನ ಕೋಳಿ, ಮೊಟ್ಟೆಗಳನ್ನು ಮಾರದಿರತಕ್ಕದ್ದು.

3. ಕೊಕ್ಕರೆ ರೋಗವು ವೈರಸ್ಸಿನಿಂದ ಬರುವಂಥದು. ಪ್ರತಿಜೀವಕವು ಆ ವೈರಸ್ಸನ್ನು ಕೊಲ್ಲಲಾರದು. ಸಕಾಲದಲ್ಲಿ ಲಸಿಕೆ ಹಾಕಿಸುವುದೇ ರಕ್ಷೆ.

4. ನೆಲಕ್ಕೆ ಹರಡಿದ ಭತ್ತದ ಹೊಟ್ಟು ಒಣಗಿರಬೇಕು, ಗಾಳಿ ಆಡಬೇಕು, ನೀರು ಶುದ್ಧವಾಗಿರಬೇಕು, ಕೋಳಿಗಳನ್ನು ಕಿಕ್ಕಿರಿಸಕೂಡದು. ಒಂದು ತಂಡವನ್ನು ಮಾರಿದ ಮೇಲೆ ಕೋಳಿಮನೆಯನ್ನು ತೊಳೆದು ಕೆಲವು ದಿನ ಬರಿದಾಗಿ ಬಿಡುವುದು ಉತ್ತಮ.

5. ಕೋಳಿ ಗೊಬ್ಬರವನ್ನು ಹಸಿಯಾಗಿ ಹೊಲಕ್ಕೆ ಚೆಲ್ಲದೆ, ರಾಶಿ ಹಾಕಿ ಕಾವೇರಿ ಕಳಿತ ಮೇಲೆ ಬಳಸತಕ್ಕದ್ದು. ಕೆರೆ ಬಾವಿಗಳ ಬಳಿ ರಾಶಿ ಹಾಕಕೂಡದು.

6. ಕೋಳಿಮನೆಯಿಂದ ಬಂದವರು ಸಾಬೂನಿನಿಂದ ಕೈ ತೊಳೆಯತಕ್ಕದ್ದು. ಮಾಂಸವನ್ನು ಪೂರ್ಣವಾಗಿ ಬೇಯಿಸತಕ್ಕದ್ದು.

ಕೆರೆಯ ನೀರು ಹೇಗೆ ಊರಿನ ಸಮುದಾಯದ ಸ್ವತ್ತೋ, ಔಷಧದ ಶಕ್ತಿಯೂ ಹಾಗೆಯೇ. ಒಬ್ಬನು ತನ್ನ ಲಾಭಕ್ಕಾಗಿ ತೂಬನ್ನು ಒಡೆದರೆ ಅಚ್ಚುಕಟ್ಟೆಲ್ಲವೂ ಕೆಡುವುದು. ಬಾಣಂತಿಯ ನಂಜಿಗೂ ಮಗುವಿನ ಜ್ವರಕ್ಕೂ ಬೇಕಾದ ಮದ್ದು ಕೋಳಿಯ ಬುಟ್ಟಿಯಲ್ಲಿ ವ್ಯರ್ಥವಾಗಕೂಡದು. ಆದುದರಿಂದ ಮುಖಂಡರು ಮುಂದಿನ ಗ್ರಾಮಸಭೆಯಲ್ಲಿ ಈ ಕ್ರಮಗಳನ್ನು ಓದಿ ಹೇಳಿ, ಪಶುವೈದ್ಯಾಧಿಕಾರಿಗಳನ್ನು ಕರೆಯಿಸಿ, ತಮ್ಮ ಊರಿನ ಸಾಕಣೆಗಾರರಿಗೆ ತಿಳಿವಳಿಕೆ ಕೊಡಿಸಬೇಕೆಂದು ಕೋರುತ್ತೇವೆ.