ಹಾಲಿನ ಕ್ಯಾನುಗಳಲ್ಲಿ ಉಳಿದ ಸಾಕ್ಷ್ಯ

ಪ್ರಶ್ನೆ: ಸೋಲು ಖಚಿತವಾದಾಗ ನಾಜಿಗಳು ತಮ್ಮ ಕಡತಗಳನ್ನು ಸುಟ್ಟರಂತೆ. ಹಾಗಾದರೆ ಯಹೂದಿಗಳ ಹತ್ಯಾಕಾಂಡಕ್ಕೆ ದಾಖಲೆ ಎಲ್ಲಿಂದ ಬಂತು?

ಉತ್ತರ: ಸುಟ್ಟದ್ದು ನಿಜ, ಆದರೆ ಎಲ್ಲವನ್ನೂ ಸುಡಲಾಗಲಿಲ್ಲ. ಯುರೋಪಿನ ಯಹೂದಿಗಳನ್ನು ನಿರ್ನಾಮ ಮಾಡುವ ಕುರಿತು 1942ರ ಜನವರಿಯಲ್ಲಿ ಬರ್ಲಿನ್ನಿನ ವಾನ್ಸೆಯಲ್ಲಿ ನಡೆದ ಸಭೆಯ ನಡಾವಳಿಯ ಒಂದೇ ಒಂದು ಪ್ರತಿ ಉಳಿದು 1947ರಲ್ಲಿ ಸಿಕ್ಕಿತು. ಜರ್ಮನಿಯ ಬಾಡ್ ಆರೊಲ್ಸೆನ್ ಪಟ್ಟಣದ ದಾಖಲೆ ಸಂಗ್ರಹದಲ್ಲಿ ನಾಜಿಗಳಿಗೆ ಬಲಿಯಾದವರಿಗೆ ಸಂಬಂಧಿಸಿದ ಕೋಟ್ಯಂತರ ಕಾಗದಗಳಿವೆ.

ಅದಕ್ಕಿಂತ ಮುಖ್ಯವಾದದ್ದು, ಸಾಯಲಿದ್ದವರೇ ಬರೆದಿಟ್ಟದ್ದು. ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ಇತಿಹಾಸಕಾರ ಎಮ್ಯಾನುಯೆಲ್ ರಿಂಗೆಲ್‌ಬ್ಲಮ್ ಗುಟ್ಟಾಗಿ ಒಂದು ತಂಡ ಕಟ್ಟಿದರು. ದಿನಚರಿ, ಮಕ್ಕಳ ಶಾಲಾ ಪ್ರಬಂಧ, ಪಡಿತರ ಚೀಟಿ, ಮಿಠಾಯಿಯ ಹೊದಿಕೆ ಕಾಗದವನ್ನು ಸಹ ಅವರು ಕೂಡಿಟ್ಟರು. ತಮ್ಮ ಬದುಕಿನ ಚರಿತ್ರೆಯನ್ನು ಕೊಲೆಗಾರರು ಬರೆಯಬಾರದೆಂಬ ಆ ಹಟಕ್ಕೆ ನಾನು ತಲೆಬಾಗುತ್ತೇನೆ. ಸಾವಿನ ಶಿಬಿರಗಳಿಗೆ ಸಾಗಣೆ ಶುರುವಾದ ಮೇಲೆ ಎಲ್ಲವನ್ನೂ ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿಟ್ಟು ನೆಲದಡಿ ಹೂತರು. ರಿಂಗೆಲ್‌ಬ್ಲಮ್ 1944ರಲ್ಲಿ ಹತರಾದರು. ತಂಡದ ಸುಮಾರು ಅರವತ್ತು ಜನರಲ್ಲಿ ಬದುಕುಳಿದವರು ಮೂವರೇ. ಅವರ ನೆರವಿನಿಂದ 1946ರಲ್ಲಿ ಪೆಟ್ಟಿಗೆಗಳನ್ನು ಅಗೆದು ತೆಗೆದರು. 1950ರಲ್ಲಿ ಹಾಲಿನ ಕ್ಯಾನುಗಳೂ ಸಿಕ್ಕವು. ಒಟ್ಟು ಸುಮಾರು 35,000 ಪುಟಗಳು. ಇಂದು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿವೆ. ಹೂತಿಟ್ಟ ಮೂರನೆಯ ಭಾಗ ಇನ್ನೂ ಸಿಕ್ಕಿಲ್ಲ.