ಪೇಟೆ ಬೀದಿಗೆ ಗೆರೆ ಎಳೆಯುವ ಮೊದಲು

ತಾಲ್ಲೂಕು ಪಟ್ಟಣಕ್ಕೆ ಅಭಿವೃದ್ಧಿ ಬರುವುದು ಕೆಂಪು ಬಣ್ಣದ ಡಬ್ಬಿ ಹಿಡಿದುಕೊಂಡು. ಒಂದು ಬೆಳಿಗ್ಗೆ ಇಬ್ಬರು ಟೇಪು ಹಿಡಿದು ರಸ್ತೆಯ ನಟ್ಟನಡುವಿನಿಂದ ಅಳೆಯುತ್ತ ಬರುತ್ತಾರೆ. ಮೂರನೆಯವನು ಅಂಗಡಿ ಗೋಡೆ, ಗುಡಿಯ ಕಟ್ಟೆ, ಹೊಂಗೆ ಮರದ ಬೊಡ್ಡೆ ಯಾವುದನ್ನೂ ಬಿಡದೆ ಗೆರೆ ಎಳೆಯುತ್ತಾನೆ. ಸಂಜೆ ಹೊತ್ತಿಗೆ ಪೇಟೆಯಲ್ಲೆಲ್ಲ ಎರಡೇ ಮಾತು: ‘ನಿಮ್ದು ಎಷ್ಟು ಅಡಿ ಹೋಯ್ತು?’, ‘ಪರಿಹಾರ ಕೊಡ್ತಾರಂತಾ?’ ಗೆರೆಯಾಚೆ ಕಾಂಕ್ರೀಟು ಬಿದ್ದ ಮೇಲೆ ಮಳೆ ನೀರು ಎತ್ತ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೇಳಲೇಬೇಕು ಎಂದು ಕಾನೂನೂ ಹೇಳುವುದಿಲ್ಲ.

ಹೊಳಲ್ಕೆರೆಯನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಹದಿನೈದು ಸಾವಿರ ಚಿಲ್ಲರೆ ಜನ ಇದ್ದ ಊರು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ ಹೆದ್ದಾರಿ 13 ಈ ಊರನ್ನು ಹಾದೇ ಹೋಗುತ್ತಿತ್ತು. ಚಿತ್ರದುರ್ಗ–ಶಿವಮೊಗ್ಗ ನಡುವಿನ ಆ ಭಾಗಕ್ಕೆ ಈಗ 369 ಎಂಬ ಹೊಸ ಸಂಖ್ಯೆ. ಒಂದು ಕಡೆ ಚಿಕ್ಕಜಾಜೂರಿಗೆ ಹೋಗುವ ರೈಲು ಹಳಿ, ಇನ್ನೊಂದು ಕಡೆ ಸೂರಿಲ್ಲದೆ ಬಿಸಿಲು ಮಳೆಗೆ ಮೈಯೊಡ್ಡಿ ಕುಳಿತ ಬಯಲು ಗಣಪತಿ. ಸುತ್ತಲ ಹಳ್ಳಿಗಳ ಅಡಿಕೆ, ತೆಂಗು, ಮೆಕ್ಕೆಜೋಳದ ದುಡ್ಡು ಕೈ ಬದಲಾಗುವುದು ಇಲ್ಲಿನ ಪೇಟೆಯಲ್ಲಿ. ಹೊಸದುರ್ಗ, ಹಿರಿಯೂರುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಇಂಥ ಊರುಗಳ ನಡುಪೇಟೆ ಎಂದರೆ ನಡೆದೇ ಮುಗಿಸಬಹುದಾದ ಜಾಗ. ಅಷ್ಟರೊಳಗೇ ಬಸ್ಸು, ಬ್ಯಾಂಕು, ಗೊಬ್ಬರದಂಗಡಿ, ಹೂವಿನ ಬುಟ್ಟಿ, ಚರಂಡಿ, ಕುಡಿಯುವ ನೀರಿನ ಪೈಪು ಎಲ್ಲ ಒಂದರ ಮೇಲೊಂದು ಕುಳಿತಿರುತ್ತವೆ.

ನಮ್ಮ ದೇಶದಲ್ಲಿ ಪರಿಸರ ಪರಿಣಾಮ ಅಧ್ಯಯನ ಕಡ್ಡಾಯವಾದದ್ದು 1994ರ ಜನವರಿಯಲ್ಲಿ. ಅದರ ಜಾಗಕ್ಕೆ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಬಂತು. ಅದರ ಪ್ರಕಾರ ಕಟ್ಟಡ ಯೋಜನೆಗೆ ಪರಿಸರ ಅನುಮತಿ ಬೇಕಾಗುವುದು ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದಾಗ. ಅಡಿ ಲೆಕ್ಕದಲ್ಲಿ 2.15 ಲಕ್ಷ. ಹತ್ತು–ಹನ್ನೆರಡು ಅಡಿಯ ನೂರು ಮಳಿಗೆಗಳ ಸಂಕೀರ್ಣ ಕಟ್ಟಿದರೂ ಹನ್ನೆರಡು ಸಾವಿರ ಚದರ ಅಡಿ. ಅಂಥ ಹದಿನೇಳು ಸಂಕೀರ್ಣ ಒಟ್ಟುಗೂಡಿಸಿದರೂ ಮಿತಿ ಮುಟ್ಟುವುದಿಲ್ಲ. ಮುಟ್ಟಿತು ಎಂದೇ ಇಟ್ಟುಕೊಳ್ಳೋಣ, ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಇನ್ನು ರಸ್ತೆ. ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಯೇ ನೂರು ಕಿಲೋಮೀಟರ್ ದಾಟಿ, ಜಾಗವೂ ನಿಗದಿತ ಅಳತೆ ಮೀರಿದರೆ ಮಾತ್ರ ಅನುಮತಿ ಬೇಕು. ಪೇಟೆಯೊಳಗಿನ ಒಂದೆರಡು ಕಿಲೋಮೀಟರ್‌ ಅಗಲೀಕರಣ ಯಾವ ಲೆಕ್ಕ?

ಈ ಮಿತಿಯೇ ತಪ್ಪು ಎಂದು ನಾನು ಹೇಳುವುದಿಲ್ಲ. ಹೊಳಲ್ಕೆರೆಯ ಚರಂಡಿಯ ಕಡತ ಬೆಂಗಳೂರಿನ ಪ್ರಾಧಿಕಾರದ ಮೇಜಿಗೆ ಹೋಗಿ ಕುಳಿತರೆ ಚರಂಡಿಯೂ ಆಗದು, ಪರಿಸರವೂ ಉಳಿಯದು. ಆದರೆ ಕಾನೂನು ಕೇಳದಿದ್ದ ಮಾತ್ರಕ್ಕೆ ಪರಿಣಾಮ ಇಲ್ಲವೆಂದಲ್ಲ. ಸಣ್ಣ ಊರಿನಲ್ಲಿ ಪರಿಣಾಮ ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಇರುವುದೇ ಒಂದು ಪೇಟೆ.

ಮೊದಲು ಬರುವುದು ನೀರು. ಹಳೆಯ ಡಾಂಬರನ್ನು ಕಿತ್ತು ತೆಗೆಯದೆ ಅದರ ಮೇಲೇ ಕಾಂಕ್ರೀಟು ಸುರಿಯುವ ರೂಢಿ ನಮ್ಮಲ್ಲಿದೆ. ರಸ್ತೆ ಅಂಗಡಿಯ ಹೊಸ್ತಿಲಿಗಿಂತ ಗೇಣು ಮೇಲೇಳುತ್ತದೆ. ಮೊದಲ ದೊಡ್ಡ ಮಳೆಗೆ ಗೊಬ್ಬರದ ಚೀಲಗಳ ಬುಡ ನೆನೆಯುತ್ತದೆ. ಎರಡನೇ ಮಳೆ ಬರುವಷ್ಟರಲ್ಲಿ ಅಂಗಡಿಯವನು ಬಾಗಿಲ ಮುಂದೆ ಒಂದು ವರಸೆ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿರುತ್ತಾನೆ. ನೀರು ಪಕ್ಕದವನ ಅಂಗಡಿಗೆ ನುಗ್ಗುತ್ತದೆ. ಅವನೂ ಇಟ್ಟಿಗೆ ತರುತ್ತಾನೆ. ಹೀಗೆ ಬೀದಿಯುದ್ದಕ್ಕೂ ಕಟ್ಟೆ ಎದ್ದು, ಕೊನೆಗೆ ನೀರೆಲ್ಲ ಹೋಗಿ ನಿಲ್ಲುವುದು ಇಟ್ಟಿಗೆಗೂ ದುಡ್ಡಿಲ್ಲದವರ ಕೇರಿಯಲ್ಲಿ. ಕಾಮಗಾರಿಯ ವಿವರವಾದ ಯೋಜನಾ ವರದಿಯಲ್ಲಿ (ಡಿಪಿಆರ್) ರಸ್ತೆಯ ಉದ್ದ, ಅಗಲ, ದಪ್ಪ ಎಲ್ಲ ಇರುತ್ತದೆ. ಎರಡೂ ಬದಿಯ ಹೊಸ್ತಿಲುಗಳ ಎತ್ತರ ಎಷ್ಟು ಎಂಬ ಒಂದು ಕಾಲಂ ಸೇರಿಸಲು ಯಾರಪ್ಪನ ಅಪ್ಪಣೆ ಬೇಕು?

ನೀರಿನ ವಿಚಾರದಲ್ಲಿ ಚಿತ್ರದುರ್ಗ ಜಿಲ್ಲೆಯವರಿಗೆ ಪಾಠ ಹೇಳಲು ಹೊರಗಿನವರು ಬರಬೇಕಿಲ್ಲ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಚಂದ್ರವಳ್ಳಿಯ ಬಂಡೆಯ ಮೇಲಿದೆ. ನಾಲ್ಕನೇ ಶತಮಾನದ ಮಾತು ಅದು. ಚಿತ್ರದುರ್ಗದ ಕೋಟೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿಸಿ, ಹೆಚ್ಚಾದದ್ದು ಅಕ್ಕತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗಿನ ಊರಿನ ಸಿಹಿನೀರು ಹೊಂಡ, ಸಂತೆಹೊಂಡಗಳತ್ತ ಸಾಗುತ್ತಿತ್ತು. ಈ ಸಂತೆಹೊಂಡವನ್ನು ನಗರ ಯೋಜನೆ ಮಾಡುವವರು ಒಮ್ಮೆ ಸುತ್ತಿ ನೋಡಬೇಕು. ಸಂತೆ ಎಂದರೆ ಜನ, ದನ, ಗಾಡಿ, ಕಸ. ಅದರ ಮಗ್ಗುಲಲ್ಲೇ ಕಲ್ಲಿನ ಮೆಟ್ಟಿಲಿಟ್ಟು ಹೊಂಡ ಕಟ್ಟಿದವರಿಗೆ ಪೇಟೆಗೆ ನೀರಿನ ಕೊನೆಯ ತಾಣವೊಂದು ಬೇಕು ಎಂಬುದು ಗೊತ್ತಿತ್ತು. ನಾವು ಅದೇ ಹೊಂಡಕ್ಕೆ ಪ್ಲಾಸ್ಟಿಕ್ಕು ಎಸೆದು, ಆಮೇಲೆ ಸ್ವಚ್ಛತಾ ಅಭಿಯಾನ ಮಾಡಿ ಫೋಟೊ ತೆಗೆಸಿಕೊಂಡೆವು.

ಮಳೆ ಕಡಿಮೆಯ, ಗಟ್ಟಿ ಬಂಡೆಯ ಸೀಮೆ ಇದು. ಅಂತರ್ಜಲದಲ್ಲಿ ಫ್ಲೋರೈಡ್ ಬೇರೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಚಿತ್ರದುರ್ಗ, ಹೊಳಲ್ಕೆರೆಗಳು ಚನ್ನಗಿರಿ ಕಡೆಯ ಸೂಳೆಕೆರೆಯ, ಅಂದರೆ ಶಾಂತಿಸಾಗರದ, ನೀರಿಗೆ ಬಾಯಿ ಬಿಡುತ್ತವೆ. ಅಷ್ಟು ದೂರದಿಂದ ಪಂಪು ಮಾಡಿ ತಂದ ನೀರಿನ ಪೈಪು ಪೇಟೆ ಬೀದಿಯಲ್ಲಿ ಚರಂಡಿಯ ಮಗ್ಗುಲಲ್ಲೇ ಹಾದಿರುತ್ತದೆ. ಜೆಸಿಬಿ ಹಲ್ಲು ತಾಗಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣದಲ್ಲಿ ಸಾವುಗಳಾದಾಗ ಇಡೀ ಜಿಲ್ಲೆಗೆ ನಲ್ಲಿ ತಿರುಗಿಸಲು ಭಯವಾಗಿತ್ತು. ನೆಲದಡಿಯ ಪೈಪುಗಳ ನಕ್ಷೆ ಎಷ್ಟು ಊರುಗಳಲ್ಲಿ ಕಾಗದದ ಮೇಲಿದೆ? ಬಹುಪಾಲು ಕಡೆ ಅದು ಇರುವುದು ವಾಲ್ವ್ ತಿರುಗಿಸುವ ನೌಕರನ ತಲೆಯಲ್ಲಿ. ಅವನು ನಿವೃತ್ತನಾದ ದಿನ ನಕ್ಷೆಯೂ ನಿವೃತ್ತಿ.

ಬೆಂಗಳೂರಿನ ಟೆಂಡರ್‌ಶೂರ್ ರಸ್ತೆಗಳ ಖರ್ಚಿನ ಬಗ್ಗೆ ಎಷ್ಟೇ ತಕರಾರಿರಲಿ, ಪೈಪು, ಕೇಬಲ್ಲುಗಳನ್ನು ಮೊದಲು ಗುರುತಿಸಿ ಫುಟ್‌ಪಾತಿನಡಿ ಸಾಲಾಗಿ ಇಟ್ಟ ಕೆಲಸ ಮಾತ್ರ ಎಲ್ಲ ಊರುಗಳೂ ಕಲಿಯಬೇಕಾದದ್ದು.

ಕಾನೂನು ಪೂರ್ತಿ ಸುಮ್ಮನಿದೆ ಎಂದೂ ಅಲ್ಲ. ಅಲ್ಲೊಂದು ಇಲ್ಲೊಂದು ಕಲಂ ಇದೆ. ರಾಜ್ಯದ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ ಐವತ್ತಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಐವತ್ತರೊಳಗೆ ನಿಂತರೆ ಆ ಪ್ರಕಟಣೆಯೂ ಬೇಡ. ತಾಲ್ಲೂಕು ಪಟ್ಟಣದ ಪೇಟೆಯಲ್ಲಿ ಐವತ್ತು ಮರ ಎಲ್ಲಿಂದ ತರುತ್ತೀರಿ? ಇರುವ ಹತ್ತು ಹದಿನೈದು ಬೇವು, ಹೊಂಗೆ, ಅರಳಿಯಡಿಯೇ ಬಸ್ಸು ಕಾಯುವವರು, ಚಪ್ಪಲಿ ಹೊಲಿಯುವವರು, ಸೊಪ್ಪು ಮಾರುವವರು ಕೂತಿರುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಚಿತ್ರದುರ್ಗ ಸೀಮೆಯ ಕಾಂಕ್ರೀಟ್ ರಸ್ತೆಯ ಮೇಲೆ ಸೊಪ್ಪು ಎಷ್ಟು ಹೊತ್ತು ಹಸಿರಾಗಿರುತ್ತದೆ ಎಂದು ಅವರನ್ನೇ ಕೇಳಬೇಕು.

ಹಾಗೆ ಕೇಳಬೇಕೆನ್ನುವ ಕಾಯ್ದೆಯೂ ಇದೆ, 2014ರದ್ದು. ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಅವರದೇ ಪ್ರತಿನಿಧಿಗಳಿರಬೇಕು. ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಎನ್ನುತ್ತದೆ ಅದು. ಹದಿನೈದು ಸಾವಿರದ ಊರಿಗೆ ಲೆಕ್ಕ ಹಾಕಿದರೆ 375 ಜನ. ಅಗಲೀಕರಣದ ನಕ್ಷೆಗಳಲ್ಲಿ ಡಿವೈಡರ್ ಇರುತ್ತದೆ, ಅದರ ನಡುವೆ ಅಲಂಕಾರದ ದೀಪದ ಕಂಬ ಇರುತ್ತದೆ. ಈ 375 ಬುಟ್ಟಿಗಳಿಗೆ ಜಾಗ ಬಿಟ್ಟ ನಕ್ಷೆಯನ್ನು ನಾನಂತೂ ಕಂಡಿಲ್ಲ.

ಕೆಡವಿದ ಗೋಡೆಯ ಮಣ್ಣು, ಇಟ್ಟಿಗೆ? ತಿಂಗಳಿಗೆ 300 ಟನ್‌ಗಿಂತ ಹೆಚ್ಚು ಅವಶೇಷ ಬರುವ ಕಾಮಗಾರಿಯವರು ವಿಲೇವಾರಿಯ ಯೋಜನೆಯನ್ನು ಸ್ಥಳೀಯ ಸಂಸ್ಥೆಗೆ ಮೊದಲೇ ಕೊಡಬೇಕೆಂದು 2016ರ ನಿಯಮ ಹೇಳಿತ್ತು. ವಾಸ್ತವದಲ್ಲಿ ಟ್ರ್ಯಾಕ್ಟರು ಹತ್ತಿರದ ಹಳ್ಳ ಅಥವಾ ಕೆರೆಯಂಗಳ ಹುಡುಕುತ್ತದೆ. ಕೆರೆಗೆ ನೀರು ತರುವ ಹಳ್ಳವೇ ಮುಚ್ಚಿದ ಮೇಲೆ ಹೂಳೆತ್ತಲು ಎಷ್ಟು ಕೋಟಿ ಬಂದರೇನು.

ಅಧ್ಯಯನ ಎಂದರೆ ಕಾಮಗಾರಿಗೆ ಅಡ್ಡಗಾಲು, ವಿಳಂಬ ಎಂದು ಗೊಣಗುವವರು ಮೈಸೂರಿಗೆ ಹೋಗಿ ಬರಲಿ. 1886ರ ಕಾಲದ ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿರುವಾಗಲೇ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತಿದ್ದರು. ಕೆಡವಬೇಕೋ ಉಳಿಸಬೇಕೋ ಎಂದು ಒಂದು ಸಮಿತಿಯ ಮೇಲೊಂದು ಸಮಿತಿ. ಪರಂಪರೆಯವರದು ಒಂದು ಮಾತು, ಎಂಜಿನಿಯರುಗಳದು ಇನ್ನೊಂದು. 2023ರಲ್ಲಿ ಹೈಕೋರ್ಟು ಕೆಡವಿ ಕಟ್ಟಲು ಹಾದಿ ಬಿಟ್ಟುಕೊಟ್ಟಿತು. ಆದರೂ ವಿವಾದ ಮುಗಿಯಲಿಲ್ಲ. ಬಾಡಿಗೆ ಕಟ್ಟಿಕೊಂಡು ಎಂಟುನೂರಕ್ಕೂ ಹೆಚ್ಚು ಮಳಿಗೆಯವರು ಸೂರು ಯಾವಾಗ ಬೀಳುತ್ತದೋ ಎಂದು ನೋಡುತ್ತ ವ್ಯಾಪಾರ ಮಾಡಿದರು. ಕಟ್ಟಡ ಗಟ್ಟಿಯಿದ್ದಾಗಲೇ ಎಲ್ಲರನ್ನೂ ಕೂರಿಸಿ ಪರೀಕ್ಷೆ ಮಾಡಿಸಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ಪರದೇಶದ ಮಾದರಿಗಳನ್ನೂ ಕಣ್ಣು ಮುಚ್ಚಿ ಹೊಗಳಬೇಕಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರ ತನ್ನ ನಡುಪೇಟೆಯ ಮೇಲ್ಸೇತುವೆಯನ್ನೇ ಕಿತ್ತು ಹಾಕಿ, ಅದರಡಿ ಹೂತಿದ್ದ ಚೊಂಗ್ಯೆಚೊನ್ ಹಳ್ಳವನ್ನು 2005ರಲ್ಲಿ ಮತ್ತೆ ಬಯಲಿಗೆ ತಂದಿತು. ಸುಮಾರು ಆರು ಕಿಲೋಮೀಟರ್. ಸುತ್ತಲ ಬಿಸಿ ತಗ್ಗಿತು, ಜನ ಬಂದರು. ಆದರೆ ಆ ಹಳ್ಳಕ್ಕೆ ನೀರು ಹರಿಯುವುದು ಬಹುಪಾಲು ಪಂಪಿನ ಬಲದಿಂದ. ಅಲ್ಲಿದ್ದ ಬೀದಿ ವ್ಯಾಪಾರಿಗಳು ಒಂದು ಕ್ರೀಡಾಂಗಣಕ್ಕೆ, ಅಲ್ಲಿಂದ ಮತ್ತೊಂದು ಕಡೆಗೆ ಅಲೆದರು. ಕ್ಯಾಲಿಫೋರ್ನಿಯಾದಿಂದ ಕಲಿಯುವುದಾದರೆ ಒಂದೇ: 1970ರಿಂದ ಅಲ್ಲಿ ನಗರಸಭೆ ಪರಿಸರಕ್ಕೆ ದೊಡ್ಡ ಧಕ್ಕೆ ತರಬಹುದಾದ ಯೋಜನೆಗೆ ಕೈಯೆತ್ತುವ ಮೊದಲು ಪರಿಸರ ವರದಿ ಮೇಜಿನ ಮೇಲಿರಬೇಕು. ನಮ್ಮಲ್ಲಿ ಟೆಂಡರು, ಭೂಮಿಪೂಜೆ, ಜೆಸಿಬಿ ಎಲ್ಲ ಮುಗಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ.

ಹೊಳಲ್ಕೆರೆಯ ಅಳತೆಗೆ ಬೇಕಾದ ವರದಿ ಇಪ್ಪತ್ತು ಪುಟ ಮೀರಬೇಕಿಲ್ಲ. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ, ಖರಾಬು ಎಲ್ಲ ಇದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಆ ನಕ್ಷೆ ಹಿಡಿದು, ಮುಂಗಾರಿನ ಜೋರು ಮಳೆಯಲ್ಲೇ, ಎಂಜಿನಿಯರು ವಾಲ್ವ್ ತಿರುಗಿಸುವವನ ಜೊತೆ ಪೇಟೆಯನ್ನು ಸುತ್ತಬೇಕು. ನೀರು ಎಲ್ಲಿ ನಿಂತಿತು, ಎಲ್ಲಿಂದ ತಿರುಗಿತು, ಯಾವ ಕೆರೆಯ ಕಡೆ ಹೋಗಬೇಕಾದದ್ದು ಯಾರ ಹಿತ್ತಿಲಿಗೆ ಹೋಯಿತು ಎಂದು ಬರೆದುಕೊಳ್ಳಬೇಕು. ಮರಗಳಿಗೆ ನಂಬರು ಹಾಕಿ, ಬೀದಿಯಲ್ಲಿ ಕೂತವರ ಪಟ್ಟಿ ಮಾಡಿ, ಅವಶೇಷ ಸುರಿಯುವ ಜಾಗದ ಸರ್ವೆ ನಂಬರು ನಮೂದಿಸಬೇಕು. ಇದೆಲ್ಲ ಡಿಪಿಆರ್‌ಗೆ ಮೊದಲೇ ಸೇರಿದರೆ, ಆಮೇಲೆ ಗುತ್ತಿಗೆದಾರರು ‘ಹೆಚ್ಚುವರಿ ಕಾಮಗಾರಿ’ ಎಂದು ಬಿಲ್ಲು ಏರಿಸುವುದಕ್ಕೂ ಆಸ್ಪದ ಕಡಿಮೆ. ವರದಿಯನ್ನು ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ಅಂಟಿಸಿ, ಹದಿನೈದು ದಿನ ಆಕ್ಷೇಪಣೆಗೆ ಬಿಟ್ಟು, ನಂತರ ಟೆಂಡರು ಕರೆಯಲಿ.

ಇದಕ್ಕೆ ಹೊಸ ಕಾಯ್ದೆ ಬೇಡ, ವಿಧಾನಸೌಧದ ಸುತ್ತೋಲೆಯೂ ಬೇಡ. ಊರಿನ ಚುನಾಯಿತ ಸದಸ್ಯರು ಒಂದು ಸಾಮಾನ್ಯ ಸಭೆಯಲ್ಲಿ ನಡಾವಳಿ ಬರೆಸಿದರೆ ಸಾಕು. ಮುಂದಿನ ಸಭೆಯ ವಿಷಯಪಟ್ಟಿ ಈಗಾಗಲೇ ಅಚ್ಚಾಗಿದ್ದರೆ, ಕೊನೆಯಲ್ಲಿ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಸಾಲು ಹೇಗೂ ಇರುತ್ತದೆ.