ಪಾಣೆಮಂಗಳೂರಿನ ಹಳೆ ಸಂಕ ದಾಟುತ್ತಾ...

"ಮಂಗಳೂರು ಅಲ್ಲಿದೆ. ಮತ್ತೆ ಇಲ್ಲಿ ಇನ್ನೊಂದು ಮಂಗಳೂರು ಯಾಕೆ? ಈ 'ಪಾಣೆ' ಅಂದ್ರೆ ಎಂಥದು?"

ಬಿ.ಸಿ. ರೋಡಿನಿಂದ ಉಮ್ಮನ ತವರಿಗೆ ಹೊರಟಾಗ ಮಗಳು ಕೇಳಿದ ಪ್ರಶ್ನೆ. ಸಾವಿರ ಸಲ ಆ ದಾರಿಯಲ್ಲಿ ಓಡಾಡಿದ ನನ್ನಲ್ಲಿ ಉತ್ತರವಿರಲಿಲ್ಲ. ಬೈಪಾಸ್ ಬಿಟ್ಟು ಗೂಡಿನಬಳಿಯಲ್ಲಿ ಇಳಿದು, ಉಮ್ಮನ ಕೈಹಿಡಿದು ಹಳೆ ಸಂಕದ ಮೇಲೆ ನಡೆದೆವು.

ನೇತ್ರಾವತಿಗೆ ಅಡ್ಡಲಾಗಿ ಬ್ರಿಟಿಷರು ಈ ಉಕ್ಕಿನ ಸೇತುವೆ ಕಟ್ಟಿದ್ದು 1914ರಲ್ಲಿ. ಅದಕ್ಕೂ ಮೊದಲು ಕಡವಿನ ದೋಣಿಯೇ ಗತಿ. ದಶಕಗಳ ಕಾಲ ಮಂಗಳೂರು–ಬೆಂಗಳೂರು ಹೆದ್ದಾರಿಯ ಬಸ್ಸು, ಲಾರಿಗಳೆಲ್ಲ ಇದರ ಮೇಲೆಯೇ ಹೋದವು. ಈಗ ಹೆದ್ದಾರಿಯ ಭಾರವನ್ನು ಪಕ್ಕದ ಹೊಸ ಸೇತುವೆ ಹೊತ್ತಿದೆ.

ಆಚೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಕಾಕಂದಿರಿಗೆ ಮಗಳು ಅದೇ ಪ್ರಶ್ನೆ ಹಾಕಿದಳು. "ನೀರಿಗೆ ಪಾನಿ ಅಂತಾರಲ್ಲ, ಅದೇ ಇರಬೇಕು" ಎಂದರು ಒಬ್ಬರು. "ಹಾಗಾದ್ರೆ ಹೊಳೆ ಬದಿಯ ಊರೆಲ್ಲ ಪಾಣೆಯೇ ಆಗಬೇಕಿತ್ತಲ್ಲ ಮಾರಾಯ!" ಎಂದು ನಕ್ಕರು ಇನ್ನೊಬ್ಬರು. ಚಹಾ ಮುಗಿಯಿತು, ವಾದ ಮುಗಿಯಲಿಲ್ಲ.

ಮರಳುವಾಗ ಉಮ್ಮ ಸಂಕದ ನಡುವೆ ನಿಂತರು. "ಹೆಸರಿನ ವಿಷಯ ನನಗೆ ಗೊತ್ತಿಲ್ಲ ಮೋಳೇ. 1974ರ ಬೊಳ್ಳ ಗೊತ್ತುಂಟು. ಆಗಷ್ಟೇ ಮದುವೆಯಾಗಿ ಆಚೆ ಬದಿಗೆ ಹೋಗಿದ್ದೆ. ಬಂಟ್ವಾಳ ಪೇಟೆಗೆ ನೀರು ನುಗ್ಗಿತ್ತು. ತವರಿನ ಮನೆ ಉಂಟಾ ಇಲ್ಲವಾ, ಒಂದು ಸುದ್ದಿ ಇಲ್ಲ. ಫೋನು ಎಲ್ಲಿತ್ತು ಆಗ? ನೀರು ಇಳಿದ ಮೇಲೆ ನನ್ನ ಬಾಪ ಈ ಸಂಕದ ಮೇಲೆಯೇ ನಡೆದು ಬಂದ್ರು. ಲುಂಗಿಯೆಲ್ಲ ಕೆಸರು. 'ಎಲ್ಲರೂ ಇದ್ದೇವೆ' ಅಂತ ಒಂದೇ ಮಾತು ಹೇಳಿದ್ರು."

ಐವತ್ತು ವರ್ಷದ ಹಿಂದಿನ ಈ ಮಾತನ್ನು ಉಮ್ಮ ನಮಗೆ ಹೇಳಿದ್ದು ಇದೇ ಮೊದಲು. ಕೇಳಿದವರೂ ಯಾರಿರಲಿಲ್ಲ.

ಮನೆಗೆ ಬಂದು ಮಗಳು ನೋಟ್‌ಬುಕ್ಕಿನಲ್ಲಿ 'ಪಾಣೆ' ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಕೆಳಗೆ ಕಾಕಂದಿರ ಮಾತು, ಅದರ ಕೆಳಗೆ ಅಜ್ಜಿಯ ಮಾತು. ನಿಮ್ಮ ಮನೆಯಲ್ಲೂ ಸಂಕ ದಾಟಿ ಬಂದ ಹಿರಿಯರಿದ್ದರೆ ಈ ವಾರವೇ ಪಕ್ಕದಲ್ಲಿ ಕೂತು ಕೇಳಿ. ಊರಿನ ಹೆಸರಿಗೆ ಅರ್ಥ ಸಿಗದಿದ್ದರೂ ಮನೆಯ ಕಥೆಯೊಂದು ಖಂಡಿತ ಸಿಗುತ್ತದೆ.